ಎರಡು ಮೀಟರ್ ಕೊಳವೆ

ಸಸ್ಯಕೋಶಗಳೆಲ್ಲ ಸತ್ತಿದ್ದವು. ಅಂಚೆಚೀಟಿಯಷ್ಟಗಲದ ಚಿಪ್, ಅದರೊಳಗೆ ಕೂದಲೆಳೆಯಂಥ ಕಾಲುವೆಗಳು. ಅವುಗಳಲ್ಲಿ ಸಾಕಿದ್ದ ನಾನೂರು ಕೋಶಗಳೂ ಮುದುಡಿಹೋಗಿದ್ದವು. ಸೂಕ್ಷ್ಮದರ್ಶಕ ತೆಗೆದ ಫೋಟೋಗಳ ಪ್ರಕಾರ ಸಾವು ಬೆಳಿಗ್ಗೆ ಹನ್ನೊಂದಕ್ಕೆ. ಪೋಷಕ ದ್ರವದ ಸಿರಿಂಜಿಗೆ ಯಾರೋ ಉಪ್ಪುನೀರು ತುಂಬಿದ್ದರು.

"ಲೆಕ್ಕ ಸುಲಭ," ಎಂದು ಪ್ರೊಫೆಸರು ನಿರ್ದೇಶಕಿಯ ಕಡೆ ತಿರುಗಿದರು. "ಸಿರಿಂಜಿಂದ ಚಿಪ್‌ಗೆ ಒಂದು ಮೀಟರ್ ಕೊಳವೆ. ದ್ರವ ಬರೋಕೆ ಒಂದು ಗಂಟೆ. ಅಂದ್ರೆ ಹತ್ತಕ್ಕೆ ಹಾಕಿದ್ದಾರೆ. ಬಾಗಿಲಿನ ಕಾರ್ಡು ದಾಖಲೆ ನೋಡಿ, ಹತ್ತಕ್ಕೆ ಒಳಗಿದ್ದೋಳು ಇವಳೊಬ್ಬಳೇ."

ಸಂಶೋಧನಾ ವಿದ್ಯಾರ್ಥಿನಿ ಚಿಪ್‌ನಿಂದ ಕಣ್ಣೆತ್ತಿದಳು. "ಮೂರು ವರ್ಷ ಸಾಕಿದ್ದನ್ನ ನಾನೇ ಯಾಕೆ ಸಾಯಿಸ್ಲಿ, ಸರ್?"

"ಸೋಲು ಮುಚ್ಚಿಹಾಕೋಕೆ. ಕಾರ್ಡು ಇಟ್ಟು ಹೊರಡು."

ಲ್ಯಾಬಿನ ಯಂತ್ರಗಳನ್ನು ನೋಡಿಕೊಳ್ಳುವ ರಿಪೇರಿ ಅಕ್ಕನ ಮೈ ಉರಿಯಿತು. ಹನ್ನೆರಡು ವರ್ಷದ ಹಿಂದೆ ಇದೇ ಮನುಷ್ಯ, ಇದೇ ಮಾತು ಹೇಳಿ, ಅವಳ ತಮ್ಮನನ್ನು ಇದೇ ಲ್ಯಾಬಿನಿಂದ ಹೊರಗೆ ಹಾಕಿದ್ದ. ತಮ್ಮ ಮತ್ತೆ ಸೂಕ್ಷ್ಮದರ್ಶಕ ಮುಟ್ಟಲಿಲ್ಲ. ಅಕ್ಕ ಮರೆಯಲಿಲ್ಲ.

*

"ನಿನ್ನ ಕೋಶಗಳ ಮೇಲೆ ಅವರಿಗೇನು ಹಗೆ?" ಅಕ್ಕ ಮೊಗಸಾಲೆಯಲ್ಲಿ ಕೇಳಿದಳು.

"ಕೋಶ ಯಾವ ದಿಕ್ಕಿಗೆ ಒಡೆದು ಎರಡಾಗುತ್ತೆ ಅನ್ನೋದು ಮೊದಲೇ ನಿಗದಿ ಅಂತ ಸರ್ ಪುಸ್ತಕದಲ್ಲಿದೆ. ನನ್ನ ಕಾಲುವೆಯಲ್ಲಿ ಅದುಮಿದ್ರೆ ದಿಕ್ಕೇ ಬದಲಾಗ್ತಿತ್ತು ಅಕ್ಕಾ. ನಿನ್ನೆ ತೋರಿಸ್ದೆ."

"ಏನಂದ್ರು?"

"ಬೆನ್ನು ತಟ್ಟಿದ್ರು."

ಅಕ್ಕ ಅಳತೆ ಟೇಪು ತರಲು ಹೋದಳು.

*

"ಅಳೀರಿ, ಮೇಡಂ." ಮೇಜಿನ ಹಿಂದಿನಿಂದ ಅಕ್ಕ ಕೊಳವೆಯ ಸುರುಳಿ ಬಿಚ್ಚಿದಳು. ನಿರ್ದೇಶಕಿ ಅಳೆದರು. ಎರಡು ಮೀಟರ್.

"ಸಿರಿಂಜು ಒತ್ತೋ ಪಂಪಿನ ನಡುಕ ಚಿಪ್‌ಗೆ ತಟ್ಟಬಾರದು ಅಂತ ನಿನ್ನೆ ಸಂಜೆ ನಾನೇ ಉದ್ದದ ಕೊಳವೆ ಹಾಕ್ದೆ. ಯಾರಿಗೂ ಇನ್ನೂ ಹೇಳಿರ್ಲಿಲ್ಲ. ಎರಡು ಮೀಟರ್‌ಗೆ ಎರಡು ಗಂಟೆ. ಉಪ್ಪು ಬಿದ್ದದ್ದು ಒಂಬತ್ತಕ್ಕೆ. ಒಂಬತ್ತರ ಕಾರ್ಡು ಯಾರದು, ಓದಿ."

ನಿರ್ದೇಶಕಿ ಓದಿದರು. ಪ್ರೊಫೆಸರ ಕಡೆ ನೋಡಿದರು.

"ಕನ್ನಡಕ ಮರೆತಿದ್ದೆ, ತಗೊಳ್ಳೋಕೆ ಬಂದಿದ್ದೆ..." ಎಂದರು ಪ್ರೊಫೆಸರು.

"ಹತ್ತಕ್ಕೆ ಸಾಯಬೇಕಾದ್ದು ಹನ್ನೊಂದಕ್ಕೆ ಸತ್ತಾಗ ಹಾಲು ಕುಡಿದಷ್ಟು ಸಂತೋಷ ಆಗಿರ್ಬೇಕು, ಸರ್. ತಪ್ಪು ಇವಳ ತಲೆಗೆ ಕಟ್ಟೋಕೆ ದಾರಿ ಸಿಕ್ತಲ್ಲ! ಆದ್ರೆ ಸಾಯೋ ಮುಂಚಿನ ಫೋಟೋಗಳೆಲ್ಲ ಭದ್ರವಾಗಿವೆ. ನಿಮ್ಮ ಪುಸ್ತಕ ತಪ್ಪು ಅಂತ ಅವೇ ಹೇಳ್ತವೆ."

ಪ್ರೊಫೆಸರ ಮುಖ ಇಳಿಯಿತು. "ಮೂವತ್ತು ವರ್ಷದ ಹೆಸರು," ಎಂದು ಗೊಣಗಿದರು. "ಒಂದು ಹುಡುಗಿ ಬಂದು ಅಳಿಸಿಬಿಡೋದಾ?"

ಒಪ್ಪಿಕೊಂಡಂತಾಯಿತು. ನಿರ್ದೇಶಕಿ ಅಕ್ಕನಿಗೆ ತಲೆಯಾಡಿಸಿದರು.

ಅಕ್ಕ ಅಂಗೈ ಚಾಚಿದಳು. ಹನ್ನೆರಡು ವರ್ಷ ಬಾಯಲ್ಲೇ ಇಟ್ಟುಕೊಂಡಿದ್ದ ಮಾತು ಅದು. ನಿಧಾನವಾಗಿ ಹೇಳಿದಳು.

"ಕಾರ್ಡು ಇಟ್ಟು ಹೊರಡಿ."