ಸಿನಿಮಾದ ಮೇಡಂ, ಖರೆ ಮೇಡಂ

“ಇನ್ನೂ ಸ್ವಲ್ಪ ಸಿಟ್ಟು ಬೇಕ್ರಿ ಮೇಡಂ. ಹುಬ್ಬು ಗಂಟು ಹಾಕ್ರಿ.”

ಮಹೇಶ್ವರಿ ಹುಬ್ಬು ಗಂಟು ಹಾಕಲಿಲ್ಲ. ನವನಗರದ ಆ ಕಲ್ಯಾಣ ಮಂಟಪದೊಳಗೆ ಕಾಲಿಟ್ಟು ಎರಡು ನಿಮಿಷವೂ ಆಗಿರಲಿಲ್ಲ. ಅಷ್ಟರಲ್ಲೇ ಯಾರೋ ಅವಳ ಕೈಗೆ ಹಾಳೆಯೊಂದನ್ನು ತುರುಕಿ, ಪ್ಲೈವುಡ್ಡಿನ ಎಕ್ಸ್‌ರೇ ಮಷೀನಿನ ಪಕ್ಕ ನಿಲ್ಲಿಸಿದ್ದರು. ಎದುರಿಗಿದ್ದವನು ಎತ್ತರಕ್ಕೆ, ತೆಳ್ಳಗಿದ್ದ. ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದ.

“ನೀವು ಯಾರ್ರಿ?” ಎಂದಳು.

“ನಾ ಶ್ರೀಶೈಲ, ಡೈರೆಕ್ಟರ್. ನೀವು ಗದಗಿನಿಂದ ಬಂದ ಆರ್ಟಿಸ್ಟ್ ಅಲ್ಲೇನು?”

“ಅಲ್ರಿ. ನಮ್ಮ ಅತ್ತಿ ಜೋಡಿ ಬಂದೇನಿ.”

ಸೋದರತ್ತೆ ಸಿದ್ದಲಿಂಗವ್ವ ಆಗಲೇ ಮೂಲೆಯಲ್ಲಿ ಮುಖಕ್ಕೆ ಪೌಡರ್ ಹಚ್ಚಿಸಿಕೊಳ್ಳುತ್ತಿದ್ದಳು. ಮೊದಲ ಸಲ ವಿಮಾನ ಹತ್ತುವ ಅಜ್ಜಿಯ ಪಾತ್ರ ಅವಳದು. ಶ್ರೀಶೈಲ ಹುನಗುಂದದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ರಜೆ ಬಂದರೆ ಗೆಳೆಯರನ್ನು ಕಟ್ಟಿಕೊಂಡು ಕಿರುಚಿತ್ರ ಮಾಡುವ ಹುಚ್ಚು. ಈ ಸಲ ಏರ್‌ಪೋರ್ಟಿನ ಕಾಮಿಡಿ. ಇಳಕಲ್ಲಿನ ನೇಕಾರ ಇಮಾಮಹುಸೇನ ಮಗ್ಗದ ಹಳೆಯ ಉರುಳೆ ತಂದು, ಬ್ಯಾಗು ಸಾಗುವ ಬೆಲ್ಟು ಮಾಡಿಕೊಟ್ಟಿದ್ದ.

ಮಹೇಶ್ವರಿ ಕೈಯಲ್ಲಿದ್ದ ಹಾಳೆ ಓದಿದಳು. ‘ತಪಾಸಣೆಯ ಮೇಡಂ. ಗಡಸು ದನಿ, ರಾಕ್ಷಸಿಯ ನೋಟ. ಅಜ್ಜಿಯ ಕರದಂಟಿನ ಡಬ್ಬಿ ಕಸಿದು ಬುಟ್ಟಿಗೆ ಎಸೆಯುತ್ತಾಳೆ. ಆಮೇಲೆ ಕದ್ದು ತಿನ್ನುತ್ತಾಳೆ.’

“ಕರದಂಟಿಗೆ ಏನೂ ತಡಿ ಇಲ್ರಿ,” ಎಂದಳು ಮೆಲ್ಲಗೆ.

“ನಿಮಗ ಹೆಂಗ ಗೊತ್ತು?”

“ಆರು ವರ್ಷ ಆತು, ಇದ ಕೆಲಸ ಮಾಡಾಕತ್ತು. ಈಗ ಹುಬ್ಬಳ್ಳಿ ಏರ್‌ಪೋರ್ಟಿನ್ಯಾಗ ಅದೇನಿ. ರಜಾ ಅಂತ ಊರಿಗೆ ಬಂದೇನಿ.”

ಅವನ ಕಿವಿ ಕೆಂಪಾದದ್ದನ್ನು ಅವಳು ನೋಡಿದಳು. ಪೆನ್ಸಿಲ್ ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದವನು ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ಬಗ್ಗಿದ್ದ.

ಮಧ್ಯಾಹ್ನ ಅವನೇ ಎರಡು ತಟ್ಟೆ ಗಿರಮಿಟ್ಟು ಹಿಡಿದು ಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕೂತ. “ತಪ್ಪಾತ್ರಿ.”

“ಖರೆ ಮೇಡಂನ ಎಂದರ ನೋಡೀರೇನು?”

“ಸಿನಿಮಾದಾಗ ನೋಡೇನಿ.”

“ವಿಮಾನ ಹತ್ತೀರಿ?”

“ಇಲ್ಲ.”

ಅವಳಿಗೆ ನಗು ಬಂತು. “ಸಿನಿಮಾದಾಗ ನಾವು ಎರಡ ತರಾ ಇರ್ತೇವಿ. ರಾಕ್ಷಸಿ, ಇಲ್ಲಾ ಪೆದ್ದಿ. ಹೀರೋ ಕಣ್ಣು ಹೊಡದು ಪಿಸ್ತೂಲ್ ಒಯ್ತಾನ, ನಾವು ಆಕಳಿಸ್ಕೋತ ಕುಂತಿರ್ತೇವಿ.”

ಅವನೂ ನಕ್ಕ. ಅವಳ ನಗು ಮಾತ್ರ ಅರ್ಧಕ್ಕೇ ನಿಂತಿತು.

“ಎರಡು ವರ್ಷದ ಹಿಂದ ಬದಾಮಿ ಕಡೆ ಒಂದು ಸಂಬಂಧ ಗಟ್ಟಿ ಆಗಿತ್ರಿ. ಅವರ ಮನಿಯಾಗ ಎಲ್ಲಾರೂ ಕುಂತು ಒಂದು ಸಿನಿಮಾ ನೋಡ್ಯಾರ. ಅದರಾಗ ನಮ್ಮಂಥಾಕಿ ಒಬ್ಬಾಕಿ ಮಂದಿ ಮೈ ಸವರಿ ನಗ್ತಾಳಂತ. ಮರುದಿನ ಫೋನ್ ಬಂತು. ಇಂಥಾ ಕೆಲಸ ಬಿಟ್ರ ಮದಿವಿ ಅಂದ್ರು.”

“ನೀವೇನಂದ್ರಿ?”

“ಬಿಡಂಗಿಲ್ಲ ಅಂದೆ. ಅಷ್ಟ.”

ಶ್ರೀಶೈಲ ತಟ್ಟೆ ಕೆಳಗಿಟ್ಟ. “ಹಂಗಾರ ಖರೆ ಏನಾಗ್ತೈತಿ ಅನ್ನೂದನ್ನ ನೀವ ಹೇಳ್ರಿ.”

ಅವಳು ಹೇಳಿದಳು. ಒಂದು ದಿನ ಒಬ್ಬ ಮುದುಕಿ ಬಂದಿದ್ದಳು. ಮಷೀನು ಕೂಗಿತು. ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿಯ ಕರಡಿಗೆ. ಅದನ್ನು ಮೈಯಿಂದ ತೆಗೆಯಲಾರೆ, ವಿಮಾನ ತಪ್ಪಿದರೆ ತಪ್ಪಲಿ ಎಂದು ಮುದುಕಿ ಅದನ್ನು ಎರಡೂ ಕೈಯಿಂದ ಮುಚ್ಚಿಕೊಂಡು ನಿಂತಳು. ಹಿಂದಿನ ಸಾಲಿನವರು ಗೊಣಗಿದರು. ಮಹೇಶ್ವರಿ ಅವಳನ್ನು ಪರದೆಯ ಹಿಂದೆ ಕರೆದೊಯ್ದು ಕೂರಿಸಿ, ನೀರು ಕೊಟ್ಟಳು. ತೆಗೆಯುವುದು ಬೇಡ ಯವ್ವಾ, ನೀವೇ ತೆರೆದು ತೋರಿಸಿ, ನಾನು ಮುಟ್ಟುವುದಿಲ್ಲ ಎಂದಳು. ಮುದುಕಿ ತನ್ನ ಅಂಗೈಯಲ್ಲೇ ಕರಡಿಗೆ ತೆರೆದಳು. ಮಹೇಶ್ವರಿ ನೋಡಿ ಕೈ ಮುಗಿದಳು. ಹೋಗುವಾಗ ಮುದುಕಿ ಅವಳ ಗಲ್ಲ ಸವರಿ ಹೋದಳು.

ಶ್ರೀಶೈಲ ಅವಳಿಂದ ಪಾತ್ರದ ಹಾಳೆ ತೆಗೆದುಕೊಂಡು, ಹಿಂಬದಿಗೆ ತಿರುವಿ, ಆ ದೃಶ್ಯವನ್ನು ಹೊಸದಾಗಿ ಬರೆಯುವುದಕ್ಕೆ ಶುರು ಮಾಡಿದ.

ಗದಗಿನ ಕಲಾವಿದೆ ನರ್ಗೀಸ ಬಂದ ಮೇಲೆ, ಹೇಗೆ ನಿಲ್ಲಬೇಕು, ಡಿಟೆಕ್ಟರನ್ನು ಹೇಗೆ ಹಿಡಿಯಬೇಕು ಎಂದು ಮಹೇಶ್ವರಿ ಕಲಿಸಿದಳು. ಶ್ರೀಶೈಲ ತಾನೇ ತಪಾಸಣೆಗೆ ನಿಲ್ಲುವ ಮಣೆಯ ಮೇಲೆ ಹತ್ತಿ ಕೈ ಅಗಲಿಸಿ ನಿಂತ.

“ನನ್ನ ಮ್ಯಾಲೆ ತೋರಿಸ್ರಿ.”

“ಗಂಡಸರನ್ನ ನಾವು ತಪಾಸ ಮಾಡಂಗಿಲ್ರಿ.”

“ಇದು ಸಿನಿಮಾ ಅಲ್ಲೇನು?”

“ಸಿನಿಮಾದಾಗೂ ಇಲ್ಲ. ಇಳೀರಿ ಕೆಳಗ.”

ಅವನು ಇಳಿದ. ಅವಳು ನಗುವನ್ನು ತುಟಿಯಲ್ಲೇ ಅದುಮಿಕೊಂಡಳು. ಕಣ್ಣು ಕೇಳಲಿಲ್ಲ. ಅವನು ಅದನ್ನು ಕಂಡ.

ಕ್ಯಾಮೆರಾ ತಂದಿದ್ದ ಗೆಳೆಯ ಹುಲ್ಲಪ್ಪನಿಗೆ ಮಾತ್ರ ಸಮಾಧಾನವಿರಲಿಲ್ಲ. “ಲೇ ಶ್ರೀಶೈಲ, ಇದರಾಗ ನಗೂದೆಲ್ಲೈತಿ? ಡಬ್ಬಿ ಎಸಿಯೂ ಸೀನು ಇರ್ಲಿ. ಇಲ್ಲಂದ್ರ ನನ್ನ ಕ್ಯಾಮೆರಾ ನಾ ಒಯ್ತೇನಿ.”

ಮಹೇಶ್ವರಿ ನೆಲ ನೋಡಿದಳು. ಫೋನ್ ಮಾಡಿ ಸಂಬಂಧ ಮುರಿದ ಆ ಬದಾಮಿಯವರ ದನಿ ಕಿವಿಯಲ್ಲಿ ಮತ್ತೆ ಕೇಳಿದಂತಾಯಿತು.

“ಒಯ್ಯಪಾ,” ಎಂದ ಶ್ರೀಶೈಲ. ದನಿ ಏರಿಸಲಿಲ್ಲ.

ಹುಲ್ಲಪ್ಪ ಹೋಗಿಯೇಬಿಟ್ಟ. ಶ್ರೀಶೈಲ ತನ್ನ ಫೋನನ್ನೇ ಸ್ಟೂಲಿನ ಮೇಲೆ ಪುಸ್ತಕಗಳಿಗೆ ಒರಗಿಸಿಟ್ಟು ಚಿತ್ರೀಕರಿಸಿದ. ಸಿದ್ದಲಿಂಗವ್ವ ಅಂಗೈಯಲ್ಲಿ ಕರಡಿಗೆ ತೆರೆದಾಗ ನರ್ಗೀಸಳ ಕಣ್ಣು ನಿಜವಾಗಿಯೂ ತುಂಬಿ ಬಂತು. ಬೆಲ್ಟು ತಿರುಗಿಸುತ್ತಿದ್ದ ಇಮಾಮಹುಸೇನ ಕೈ ನಿಲ್ಲಿಸಿ ನೋಡುತ್ತ ನಿಂತುಬಿಟ್ಟ.

ಮಹೇಶ್ವರಿ ಯಾರಿಗೂ ಕಾಣದಂತೆ ಹೊರಗೆ ಹೋಗಿ ಮುಖ ತೊಳೆದುಕೊಂಡಳು.

ಮುಂದಿನ ವಾರವೆಲ್ಲ ಎಡಿಟಿಂಗ್ ನೆಪದ ಫೋನುಗಳು. ರಜೆ ಮುಗಿಯಲು ಮೂರು ದಿನ ಇದ್ದಾಗ ಇಬ್ಬರೂ ಶಿವಯೋಗ ಮಂದಿರಕ್ಕೆ ಹೋದರು. ಮಲಪ್ರಭೆಯ ದಂಡೆಯ ಮೆಟ್ಟಿಲ ಮೇಲೆ ಎಳೆ ಬಿಸಿಲಿತ್ತು. ಇಬ್ಬರ ನಡುವೆ ಒಂದು ಮೊಳ ಜಾಗವಿತ್ತು.

“ನನಗ ಗುವಾಹಟಿಗೆ ವರ್ಗಾ ಆಗೇತ್ರಿ,” ಎಂದಳು. “ಬರೂ ತಿಂಗಳ ಹೋಗಬೇಕು. ಮೂರು ವರ್ಷ.”

ಅವನು ಬೆರಳು ಮಡಚಿ ಏನೋ ಲೆಕ್ಕ ಹಾಕತೊಡಗಿದ. ಹೇಳಿದ್ದು ತಪ್ಪಾಯಿತೇನೋ ಎಂದು ಅವಳಿಗೆ ಅನ್ನಿಸಿತು.

“ದಸರಾ ರಜಾ ಎರಡು ವಾರ,” ಎಂದ ಕೊನೆಗೆ. “ಬ್ಯಾಸಿಗಿ ರಜಾ ಒಂದೂವರಿ ತಿಂಗಳ. ಅಷ್ಟೂ ದಿನ ನಾ ಅಲ್ಲೇ ಬಂದಿರ್ತೇನಿ. ಉಳದ ದಿನ ಫೋನಿನ್ಯಾಗ ಇರ್ತೇನಿ. ಮದಿವಿ ಆಗೂಣೇನು?”

ಒಂದು ಮಾತು ಕೇಳದೆ ಅವಳಿಗೆ ನಿರ್ವಾಹವಿರಲಿಲ್ಲ. “ಆಮ್ಯಾಲೆ ಕೆಲಸ ಬಿಡು ಅಂತೀರೇನು?”

“ಬಿಡು ಅಂದ್ರ ನೀವು ಬಿಡೂದು ನನ್ನ. ಅಷ್ಟ ಶಾಣ್ಯಾತನ ನನಗೂ ಐತ್ರಿ.”

ಅವಳು ನಕ್ಕಳು, ಈ ಸಲ ಪೂರ್ತಿ. ನಡುವಿನ ಮೊಳ ಜಾಗ ಯಾವಾಗ ಹೋಯಿತೋ, ಇಬ್ಬರಿಗೂ ಗೊತ್ತಾಗಲಿಲ್ಲ.

“ಸೋಮವಾರ ಮನಿಗೆ ಬರ್ರಿ. ಅವ್ವ ನಿಮ್ಮನ್ನ ನೋಡಬೇಕಂತ ನಾಕು ದಿನದಿಂದ ಗಂಟು ಬಿದ್ದಾಳ.”

ಶ್ರೀಶೈಲ ತಿರುಗಿ ನೋಡಿದ. “ನಾಕು ದಿನದಿಂದ? ನಾ ಕೇಳಿದ್ದು ಈಗಲ್ಲೇನ್ರಿ?”

ಮಹೇಶ್ವರಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು ಹೊಳೆಯ ಕಡೆ ನೋಡಿದಳು.

“ನೀವು ಭಾಳ ತಡಾ ಮಾಡಿದ್ರಿ,” ಎಂದಳು. “ನಾ ಅವ್ವಗ ಮೊದಲ ಹೇಳಿಬಿಟ್ಟೆ.”