ಘಟ್ಟ ಇಳಿಸಿದ ಕಟ್ಟಿಗೆ

ಮೋರಟಗಿಯಲ್ಲಿ ಶೇವಂತೆವ್ವನ ಕತೆ ಕೇಳಿ ನಗದವರೇ ಇರಲಿಲ್ಲ.

ಹನ್ನೆರಡು ವರ್ಷದವಳಿದ್ದಾಗ ಅವಳು ಅಪ್ಪ ಯಂಕಪ್ಪನ ಜೊತೆ ಜೋಳ ಹೇರಿದ ಗಾಡಿಯಲ್ಲಿ ಘಟ್ಟ ಇಳಿದು, ಸಮುದ್ರದ ದಂಡೆಯಿಂದ ಉಪ್ಪು ತಂದಿದ್ದಳಂತೆ. ಅಲ್ಲಿಯವರೆಗೆ ಎಲ್ಲರೂ ತಲೆದೂಗುತ್ತಿದ್ದರು. ಆಮೇಲೆ ಅವಳು, ಇಳಿಜಾರಿನಲ್ಲಿ ಗಾಡಿಯ ಹಿಂದೆ ದೊಡ್ಡದೊಂದು ಕಟ್ಟಿಗೆ ಕಟ್ಟಿದ್ದರು, ಅದರ ಮೇಲೆ ನನ್ನನ್ನು ಕೂರಿಸಿದ್ದರು ಎನ್ನುತ್ತಿದ್ದಳು. ಅಲ್ಲಿಗೆ ನಗು ಶುರು. ಎತ್ತು ಮುಂದೆ ಎಳೆಯುವಾಗ ಹಿಂದೆ ಕಟ್ಟಿಗೆ ಯಾಕೆ? ಹುಟ್ಟಿದಾಗಿನಿಂದ ಅಂಗೈಯಷ್ಟು ಸಮನಾದ ಎರೆಹೊಲ ನೋಡಿದವರ ತಲೆಗೆ ಅದು ಹೋಗುವುದಾದರೂ ಹೇಗೆ?

ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಮಲಿಕಸಾಬ. ಊರ ಅಗಸಿಬಾಗಿಲ ಪಕ್ಕದಲ್ಲಿ ಅವನ ರಿಪೇರಿ ಅಂಗಡಿ. ಪಂಪ್‌ಸೆಟ್ಟಿನಿಂದ ಹೊಲಿಗೆ ಯಂತ್ರದವರೆಗೆ ಏನು ಕೆಟ್ಟರೂ ಅವನೇ ಗತಿ. ಮಿಲಿಟರಿಯವರ ಹರಾಜಿನಲ್ಲಿ ಹಿಡಿದ ಹಳೆಯ ಮೋಟರ್‌ಸೈಕಲ್ಲೊಂದು ಅವನಲ್ಲಿತ್ತು. ಅದರ ಎಡಕ್ಕೆ ಒಂಟಿ ಗಾಲಿಯ ಮೇಲೆ ತೊಟ್ಟಿಲಿನಂಥ ಸೈಡ್‌ಕಾರು. "ಆಯೀ, ನನ್ನ ಗಾಡಿಗೂ ಹಿಂದ ಒಂದು ಕಟ್ಟಿಗಿ ಕಟ್ಟಲೇನು?" ಎಂದು ಅವಳು ಅಂಗಡಿ ಮುಂದೆ ಹಾದಾಗಲೆಲ್ಲ ಕೇಳುತ್ತಿದ್ದ.

1974ರ ಸಂಕ್ರಾಂತಿ ಮುಗಿದ ಮೂರನೆಯ ದಿನ ಶಾಲೆಯ ಮಾಸ್ತರ ಸಿದ್ದರಾಯ ಅಂಗಡಿಗೆ ಬಂದರು. ಹಳೆಯ ಉಪ್ಪಿನ ದಾರಿಗಳ ಬಗ್ಗೆ ಆರು ವರ್ಷಗಳಿಂದ ನೋಟ್‌ಬುಕ್ಕು ತುಂಬಿಸುತ್ತಿದ್ದ ಮನುಷ್ಯ. ಒಂದು ದಾರಿಯನ್ನೂ ಕಣ್ಣಿಂದ ಕಂಡಿರಲಿಲ್ಲ.

"ಮಲಿಕಸಾಬ, ತೊರೆಗಲ್ಲ ಘಟ್ಟಕ್ಕ ಹೋಗೂಣು. ಡಾಂಬರ ರಸ್ತಾ ಆದ ಮ್ಯಾಲ ಹಳೇ ಗಾಡಿದಾರಿ ಬಿಟ್ಟುಬಿಟ್ಟಾರ. ಅದು ಕಾಡಿನ್ಯಾಗ ಮುಚ್ಚಿ ಹೋಗೂದರೊಳಗ ಒಮ್ಮೆ ಇಳಿದು ನೋಡಬೇಕು."

"ದಾರಿ ತೋರಸಾವ್ರು ಯಾರ್ರಿ?"

"ಅದನ್ನ ಕಂಡಾಕಿ ಈ ಊರಾಗ ಒಬ್ಬಾಕಿನ ಉಳದಾಳ."

ಶೇವಂತೆವ್ವ ಬರಲು ಒಪ್ಪಿದಳು. ಅವಳದು ಒಂದೇ ಕರಾರು.

"ಗಾಡಿ ಈ ಮಲಿಕಾನ ಹೊಡೀಬೇಕು. ಐವತ್ತು ವರ್ಷ ಸುಳ್ಳಾಕಿ ಅನಿಸಿಕೊಂಡೇನಿ. ಸಾಲ್ಯಾಗ ನನ್ನ ಮೊಮ್ಮಕ್ಕಳಿಗೂ ಕಟ್ಟಿಗೆವ್ವನ ಮೊಮ್ಮಕ್ಕಳು ಅಂತಾರ. ನಾ ಸಾಯೂದರೊಳಗ ನಗಾವ್ರೊಳಗ ಒಬ್ಬನಾದ್ರೂ ಕಣ್ಣಾರೆ ನೋಡ್ಲಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಇರಬೇಕು, ಮಲಿಕಸಾಬನಿಗೆ ಅವತ್ತು ನಗು ಬರಲಿಲ್ಲ.

ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಒಂದು ಕೊಡಲಿ, ಹಗ್ಗದ ಸುತ್ತು, ಪೆಟ್ರೋಲಿನ ಡಬ್ಬಿ, ಒಂದು ಕಂಬಳಿ. ಬೆಳಕು ಹರಿಯುವ ಹೊತ್ತಿಗೆ ಗಾಡಿ ಹೊರಟಿತು. ಮುಂದೆ ಮಲಿಕಸಾಬ, ಹಿಂದೆ ಮಾಸ್ತರರು, ಸೈಡ್‌ಕಾರಿನಲ್ಲಿ ಸೆರಗು ಬಿಗಿದು ಕುಳಿತ ಶೇವಂತೆವ್ವ. ದೇವರ ಹಿಪ್ಪರಗಿ ದಾಟುವವರೆಗೆ ಅವಳು ಎರಡೂ ಕೈಯಿಂದ ಅಂಚು ಹಿಡಿದಿದ್ದಳು. ಬಸವನ ಬಾಗೇವಾಡಿ ಬರುವಷ್ಟರಲ್ಲಿ ಎದುರು ಬಂದ ಬಸ್ಸಿನವರಿಗೆಲ್ಲ ಕೈ ಬೀಸತೊಡಗಿದ್ದಳು.

ಕೊಲ್ಹಾರದ ಬಳಿ ಕೃಷ್ಣೆ ದಾಟಿ, ಧಾರವಾಡದಲ್ಲಿ ಮಾಸ್ತರರ ಬೀಗರ ಮನೆಯಲ್ಲಿ ತಂಗಿ, ಮರುದಿನ ಮತ್ತೆ ಪಶ್ಚಿಮಕ್ಕೆ ಹೊರಟರು. ಕರಿನೆಲ ಕೆಂಪಾಯಿತು. ಬಿಳಿಜೋಳದ ಹಸಿರು ಹಿಂದೆ ಬಿದ್ದು ತೇಗದ ಒಣ ಎಲೆಗಳು ದಾರಿ ತುಂಬಿದವು. ಆಮೇಲೆ ಮರಗಳು ಎರಡೂ ಬದಿಯಿಂದ ಹತ್ತಿರ ಬಂದು ಆಕಾಶದ ಅಗಲವನ್ನೇ ಕಡಿಮೆ ಮಾಡಿಬಿಟ್ಟವು. ಒಂದು ದಿಬ್ಬ ಏರಿದ್ದೇ ತಡ, ಮುಂದೆ ನೆಲವೇ ಇರಲಿಲ್ಲ. ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಇನ್ನೊಂದು. ಅವುಗಳ ನಡುವಿನಿಂದ ಬಿಳಿ ಮಂಜು ಮೇಲೇಳುತ್ತಿತ್ತು. ಮಲಿಕಸಾಬ ಗಾಡಿ ನಿಲ್ಲಿಸಿ ಅಂಚಿನವರೆಗೆ ನಡೆದುಹೋದ. ಮೂವತ್ತಾರು ವರ್ಷದ ಗಂಡಸು ಜೀವಮಾನದಲ್ಲಿ ಮೊದಲ ಸಲ ನೆಲವನ್ನು ಮೇಲಿನಿಂದ ನೋಡುತ್ತಿದ್ದ.

"ಇಷ್ಟು ದೊಡ್ಡ ತೆಗ್ಗು ಐತೇನ್ರಿ ಭೂಮಿ ಮ್ಯಾಲ?" ಎಂದ.

ಡಾಂಬರು ರಸ್ತೆ ಬಲಕ್ಕೆ ತಿರುಗುತ್ತಿತ್ತು. ಶೇವಂತೆವ್ವ ಎಡಕ್ಕೆ ಕೈ ತೋರಿಸಿದಳು. ಅಲ್ಲಿ ಪೊದೆ ಬಿಟ್ಟರೆ ಏನೂ ಕಾಣಲಿಲ್ಲ. ಇಳಿದು ಕೊಡಲಿಯಿಂದ ನಾಲ್ಕು ಟೊಂಗೆ ಸವರಿದರು. ಒಳಗೆ ದಾರಿ ತೆರೆದುಕೊಂಡಿತು. ಗಾಡಿಯ ಅಗಲಕ್ಕೆ ಕಡಿದ ಬಂಡೆ, ಕಣಿವೆಯ ಕಡೆಗೆ ಗಾರೆಯಿಲ್ಲದೆ ಕಟ್ಟಿದ ಕಲ್ಲಿನ ಒಡ್ಡು. ಬಂಡೆಯ ಮೇಲೆ ಗಾಲಿಗಳು ತಿಕ್ಕಿ ತಿಕ್ಕಿ ಗೇಣುದ್ದ ಆಳಕ್ಕೆ ಇಳಿದ ಎರಡು ಚಾರಿಗಳು. ಮಾಸ್ತರರು ಮೊಣಕಾಲೂರಿ ಅವುಗಳೊಳಗೆ ಕೈಯಾಡಿಸಿದರು.

"ಎಷ್ಟು ಸಾವಿರ ಗಾಡಿ ಹೋಗಿರಬೇಕು ನೋಡ್ರಿ! ಎಷ್ಟು ಊರಿನ ಅಡಿಗಿಗೆ ಈ ದಾರಿ ಉಪ್ಪು ಹಾಕೇತಿ!"

ಅರ್ಧ ಮೈಲಿ ಕೆಳಗೆ, ಬಳ್ಳಿಗಳ ನಡುವೆ, ಎತ್ತುಗಳಿಗೆ ನೀರು ಕುಡಿಸುತ್ತಿದ್ದ ಕಲ್ಲಿನ ದೋಣಿಯೂ ಸಿಕ್ಕಿತು. ಶೇವಂತೆವ್ವ ಹೇಳಿದ ಜಾಗದಲ್ಲೇ ಇತ್ತು. ಮಾಸ್ತರರು ಅಳತೆ ಬರೆದುಕೊಂಡರು.

ಮಲಿಕಸಾಬ ಗಡ್ಡ ಕೆರೆದುಕೊಂಡ. "ಚಾರಿ ಐತಿ, ದೋಣಿ ಐತಿ. ಖರೇ. ಕಟ್ಟಿಗಿ ಎಲ್ಲೈತಿ ಆಯೀ?"

ಅವಳು ಹೋಗಿ ಸೈಡ್‌ಕಾರಿನಲ್ಲಿ ಕುಳಿತಳು. ಮುಖ ಮಾತ್ರ ಸಣ್ಣದಾಯಿತು.

ಇಲ್ಲಿ ಮಲಿಕಸಾಬನ ಒಂದು ಚಟದ ಬಗ್ಗೆ ಹೇಳಬೇಕು. ಅದು ಪೆಟ್ರೋಲಿನ ಬೆಲೆ ಒಮ್ಮೆಲೇ ಏರಿದ ಕಾಲ. ತಾಳಿಕೋಟೆಗೆ ಹೋಗುವಾಗ ಡೋಣಿ ಹೊಳೆಯ ಸಣ್ಣ ಇಳುಕಲು ಬಂದರೂ ಸಾಕು, ಅವನು ಎಂಜಿನ್ ಆರಿಸಿ ಗಾಡಿಯನ್ನು ಹಾಗೇ ಜಾರಲು ಬಿಡುತ್ತಿದ್ದ. ಬಯಲುಸೀಮೆಯಲ್ಲಿ ಅದು ಜಾಣತನ. ಇಲ್ಲಿ ಅವನೆದುರು ಮೂರು ಮೈಲಿ ಇಳಿಜಾರು ಪುಕ್ಕಟೆಯಾಗಿ ಬಿದ್ದಿತ್ತು. ಅವನಿಗೆ ತಡೆಯಲಾಗಲಿಲ್ಲ. ಕೀಲಿ ತಿರುಗಿಸಿಬಿಟ್ಟ.

ಸದ್ದು ನಿಂತಿತು. ಹಕ್ಕಿಗಳ ಕೂಗು ಕೇಳಿಸಿತು.

"ಆಹಾ, ಹಿಂಗ ಸಮುದ್ರತನಾ ಹೋಗಬಹುದ್ರಿ ಮಾಸ್ತರ್ರ!"

ಮೊದಲ ತಿರುವು ಸುಖವಾಗಿ ದಾಟಿತು. ಎರಡನೆಯದಕ್ಕೆ ಬ್ರೇಕು ಒತ್ತಬೇಕಾಯಿತು. ಮೂರನೆಯದಕ್ಕೆ ಕಾಲೂರಿ ಒತ್ತಿದ. ಸುಟ್ಟ ವಾಸನೆ ಬಂತು.

"ಸಾವಕಾಶ, ಮಲಿಕಾ," ಎಂದಳು ಶೇವಂತೆವ್ವ.

"ಸಾವಕಾಶ ಆಗವಲ್ದು, ಆಯೀ!"

ಹಿಂದಿನ ಗಾಲಿಯಿಂದ ಹೊಗೆ ಎದ್ದಿತು. ಮುಂದಿನ ಬ್ರೇಕು ಹಿಡಿದ. ಹಳೆಯ ತಂತಿ ಪಟ್ಟನೆ ಹರಿಯಿತು. ಗಾಡಿ ಓಡತೊಡಗಿತು. ಎಂಜಿನ್ನಾದರೂ ತಡೆಯಲಿ ಎಂದು ಅವನು ಗೇರು ಹಾಕಿ ಕ್ಲಚ್ಚು ಬಿಟ್ಟ. ಗಾಡಿ ಒಮ್ಮೆ ಜಗ್ಗಿತು. ಆ ಜಗ್ಗಿಗೆ ಚೈನು ತುಂಡಾಗಿ, ಹಾವಿನಂತೆ ಹಾರಿ ಕಣಿವೆಗೆ ಬಿತ್ತು.

ಎಡಕ್ಕೆ ಕಣಿವೆ. ಬಲಕ್ಕೆ ಬೆಟ್ಟದ ಗೋಡೆ.

ಮಲಿಕಸಾಬ ಬಲಕ್ಕೆ ತಿರುಗಿಸಿದ. ತನ್ನ ಮೊಣಕಾಲು, ಹ್ಯಾಂಡಲ್ಲು, ಎಲ್ಲವನ್ನೂ ಗೋಡೆಗೆ ಉಜ್ಜಿಕೊಂಡು, ಮುಳ್ಳುಕಂಟಿಯೊಂದರೊಳಗೆ ಗಾಡಿಯನ್ನು ನುಗ್ಗಿಸಿದ. ಅದು ನಿಂತಿತು.

ಸ್ವಲ್ಪ ಹೊತ್ತು ಮೂವರೂ ತಮ್ಮ ತಮ್ಮ ಕೈಕಾಲು ಎಣಿಸಿಕೊಂಡರು. ಶೇವಂತೆವ್ವನ ಕೂದಲೂ ಕೊಂಕಿರಲಿಲ್ಲ. ಮಾಸ್ತರರ ಕನ್ನಡಕ ಕಂಟಿಯಲ್ಲಿ ನೇತಾಡುತ್ತಿತ್ತು. ಮಲಿಕಸಾಬನ ಮೊಣಕಾಲಿನ ಚರ್ಮ ಕಿತ್ತು ರಕ್ತ ಇಳಿಯುತ್ತಿತ್ತು. ಅವನು ಅದನ್ನು ನೋಡದೆ ಗಾಡಿಯ ಹಿಂದಿನ ಗಾಲಿಯನ್ನೇ ನೋಡುತ್ತಿದ್ದ.

"ಚೈನ್ ಹೋತು. ಬ್ರೇಕ್ ಸುಟ್ಟು ಹೋತು. ಮ್ಯಾಲ ನೂಕಾಕ ಆಗೂದಿಲ್ಲ, ಕೆಳಗ ಬಿಟ್ರ ಕೈಗೆ ಸಿಗೂದಿಲ್ಲ."

"ಗಾಡಿ ಇಲ್ಲೇ ಬಿಟ್ಟು ನಡಕೋತ ಇಳಿಯೂಣು," ಎಂದರು ಮಾಸ್ತರರು.

"ಇದನ್ನ ಬಿಟ್ಟು ನಾ ಹೆಂಗ ಬರ್ಲಿ? ನನ್ನ ಹೊಟ್ಟಿ ಇದರ ಮ್ಯಾಲ ನಡದೈತ್ರಿ." ಅವನು ಗಾಡಿಯ ಸೀಟಿನ ಮೇಲೆ ಕೈಯಿಟ್ಟ.

ಹೊತ್ತು ಪಶ್ಚಿಮಕ್ಕೆ ವಾಲಿತ್ತು. ಕೆಳಗಿನ ಕಾಡಿನಲ್ಲಿ ಯಾವುದೋ ಪ್ರಾಣಿ ಕೆಮ್ಮಿದಂತೆ ಕೂಗಿತು.

ಶೇವಂತೆವ್ವ ಸೀರೆ ಕೊಡವಿಕೊಂಡು ಎದ್ದಳು. ದಾರಿಗಡ್ಡ ಬಿದ್ದಿದ್ದ ಒಣ ಮತ್ತಿಮರದ ಟೊಂಗೆಯೊಂದನ್ನು ಕಾಲಿಂದ ಒದ್ದು ನೋಡಿದಳು. ಆಮೇಲೆ ಕೊಡಲಿ ಎತ್ತಿ ಮಲಿಕಸಾಬನ ಕೈಗೆ ಕೊಟ್ಟಳು.

"ಎರಡು ಮಾರು ಉದ್ದ ಕಡಿ. ಅಡ್ಡ ಕವಲು ಬೋಳಿಸಬ್ಯಾಡ, ಗೇಣು ಗೇಣು ಬಿಡು. ಅವು ನೆಲ ಹಿಡೀತಾವ."

ಮಲಿಕಸಾಬ ಅವಳನ್ನೇ ನೋಡಿದ. ಕೊಡಲಿಯನ್ನು ನೋಡಿದ. ನಿಧಾನವಾಗಿ ಅವನ ಕಿವಿಗಳು ಕೆಂಪಾದವು. ಟೊಂಗೆ ಕಡಿಯತೊಡಗಿದ.

ಹಗ್ಗ ಎಲ್ಲಿ ಕಟ್ಟಬೇಕು, ಎಷ್ಟು ಸಡಿಲ ಬಿಡಬೇಕು, ತಿರುವಿನಲ್ಲಿ ಕಟ್ಟಿಗೆಯ ತುದಿ ಯಾವ ಕಡೆ ದಬ್ಬಬೇಕು, ಎಲ್ಲ ಅವಳಿಗೆ ನೆನಪಿತ್ತು. ಹಗ್ಗವನ್ನು ಹಿಂದಿನ ಕಬ್ಬಿಣದ ಚೌಕಟ್ಟಿಗೆ ಎರಡೆಳೆ ಮಾಡಿ ಬಿಗಿಸಿದಳು. ಆಮೇಲೆ ಮಾಸ್ತರರ ಕಡೆ ತಿರುಗಿದಳು.

"ಕುಂಡ್ರ್ರಿ."

"ಎಲ್ಲಿ?"

"ಕಟ್ಟಿಗಿ ಮ್ಯಾಲ. ಭಾರ ಇಲ್ದಿದ್ರ ಅದು ಕುಣೀತೈತಿ. ನಾ ಅಗದೀ ಸಣ್ಣಾಕಿ ಇದ್ದೆ, ಜೊತಿಗೆ ಒಂದು ಜೋಳದ ಚೀಲಾನೂ ಇಟ್ಟಿದ್ರು. ನಿಮಗ ಚೀಲ ಬೇಕಾಗೂದಿಲ್ಲ ಬಿಡ್ರಿ."

ಮಾಸ್ತರರದು ತಕ್ಕಮಟ್ಟಿನ ದೇಹ. ನೋಟ್‌ಬುಕ್ಕನ್ನು ಎದೆಗವಚಿ, ಕಂಬಳಿ ಮಡಿಚಿ ಹಾಕಿ ಕುಳಿತರು. ಮಲಿಕಸಾಬ ಹ್ಯಾಂಡಲ್ಲು ಹಿಡಿದ. ಶೇವಂತೆವ್ವ ಕೈಯಲ್ಲೊಂದು ದುಂಡುಕಲ್ಲು ಹಿಡಿದು ಸೈಡ್‌ಕಾರಿನ ಪಕ್ಕ ನಡೆದಳು.

"ಬಿಡು!"

ಗಾಡಿ ಜಗ್ಗಿತು. ಕಟ್ಟಿಗೆ ನೆಲ ಕೆರೆಯಿತು. ಕವಲುಗಳು ಮಣ್ಣಿನಲ್ಲಿ ಹಲ್ಲೂರಿದವು. ಮೋಟರ್‌ಸೈಕಲ್ಲು ಸಾಧು ಎತ್ತಿನಂತೆ ಹೆಜ್ಜೆ ಹೆಜ್ಜೆಗೆ ಇಳಿಯತೊಡಗಿತು.

"ನಡೀತೈತಿ!" ಎಂದು ಕೂಗಿದ ಮಲಿಕಸಾಬ. "ಆಯೀ, ನಡೀತೈತಿ!"

"ನಡೀತೈತಿ ಅಂತ ಐವತ್ತು ವರ್ಷದಿಂದ ಹೇಳಾಕತ್ತೇನಿ. ಮುಂದ ನೋಡು."

ಬಂಡೆ ಬಂದಲ್ಲಿ ಕಟ್ಟಿಗೆ ಕುಣಿಯಿತು. ಮಾಸ್ತರರೂ ಕುಣಿದರು. ಒಮ್ಮೆ ಪಕ್ಕಕ್ಕೆ ಬಿದ್ದು, ಎದ್ದು, ಓಡಿ ಬಂದು ಮತ್ತೆ ಹತ್ತಿದರು. ಅವರ ಪ್ಯಾಂಟು ಎರಡು ಕಡೆ ಹರಿದಿತ್ತು. ಆ ಬಗ್ಗೆ ಅವರು ನೋಟ್‌ಬುಕ್ಕಿನಲ್ಲಿ ಏನೂ ಬರೆದಿಲ್ಲ.

ಕೊನೆಯ ತಿರುವು ಎಲ್ಲಕ್ಕಿಂತ ಕಡಿದಾಗಿತ್ತು. ಒಡ್ಡು ಕುಸಿದು ಕಣಿವೆಯ ಕಡೆಗೆ ತಡೆಯೇ ಇರಲಿಲ್ಲ. ಗಾಡಿ ಅರ್ಧ ತಿರುಗಿದಾಗ ಹಗ್ಗ ಬಂಡೆಯ ಅಂಚಿಗೆ ತಿಕ್ಕಿತು.

ಒಂದೆಳೆ ಹರಿಯಿತು.

ಗಾಡಿ ಮುಂದಕ್ಕೆ ಹಾರಿತು. ಮಲಿಕಸಾಬನಿಗೆ ಗಾಲಿಯಾಚೆ ಬರೀ ಮರಗಳ ನೆತ್ತಿ ಕಂಡವು.

"ಆಯೀ!"

ಶೇವಂತೆವ್ವ ಬಾಗಿ ದುಂಡುಕಲ್ಲನ್ನು ಸೈಡ್‌ಕಾರಿನ ಗಾಲಿಯ ಮುಂದೆ ನೂಕಿದಳು. ಕಲ್ಲು ಒಂದು ಗೇಣು ಉರುಳಿ, ಹಳೆಯ ಚಾರಿಯೊಳಗೆ ಸಿಕ್ಕಿ ಬಿಗಿದುಕೊಂಡಿತು. ಗಾಲಿ ಅದಕ್ಕೆ ಬಡಿದು ನಿಂತಿತು. ಮಾಸ್ತರರು ಕಟ್ಟಿಗೆಯನ್ನು ಅಪ್ಪಿಕೊಂಡು ಬೋರಲು ಬಿದ್ದಿದ್ದರು, ಆದರೆ ಬಿಟ್ಟಿರಲಿಲ್ಲ.

ಮುಂದಿನ ಗಾಲಿಗೂ ಅಂಚಿಗೂ ಮೊಳದಷ್ಟು ನೆಲವಿತ್ತು.

ಹಗ್ಗ ಬಿಚ್ಚಿ ಈ ಸಲ ನಾಲ್ಕೆಳೆ ಮಾಡಿ ಕಟ್ಟಿದರು. ಗಂಟನ್ನು ಶೇವಂತೆವ್ವನೇ ಬಿಗಿದಳು.

ಸಂಜೆಯ ಬಿಸಿಲು ಗದ್ದೆಗಳ ಮೇಲೆ ಇನ್ನೂ ಇದ್ದಾಗಲೇ ಅವರು ತಳ ಮುಟ್ಟಿದರು. ಹೊಳೆಯ ಪಕ್ಕ ನಾಲ್ಕಾರು ಮನೆಗಳ ಹಳ್ಳಿ. ಹುಲ್ಲು ಒಟ್ಟುತ್ತಿದ್ದ ಮುದುಕನೊಬ್ಬ ಗಾಡಿಯನ್ನು ನೋಡಿದ, ಹಿಂದಿನ ಕಟ್ಟಿಗೆಯನ್ನು ನೋಡಿದ, ಹಲ್ಲಿಲ್ಲದ ಬಾಯಿ ತುಂಬ ನಕ್ಕ.

"ಅಯ್ಯೋ, ಘಟ್ಟದ ಮೇಲಿನವರು ಮತ್ತೆ ಬಂದ್ರಾ? ನಾನು ಸಣ್ಣವನಿದ್ದಾಗ ಗಾಡಿಗಳೆಲ್ಲ ಇಲ್ಲೇ ಕಟ್ಟಿಗೆ ಬಿಚ್ಚಿ ಹೋಗ್ತಿದ್ದವು. ಮಳೆಗಾಲಕ್ಕೆ ನಮ್ಮನೆ ಒಲೆಗೆ ಅದೇ ಸೌದೆ!"

ಶೇವಂತೆವ್ವ ಅಲ್ಲೇ ಬದುವಿನ ಮೇಲೆ ಕುಳಿತುಬಿಟ್ಟಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಮುದುಕನಿಗೆ ಗಾಬರಿಯಾಯಿತು. ಅವಳಿಗೆ ಆದದ್ದು ಸಂತೋಷ ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ಮಲಿಕಸಾಬ ಕುಂಟುತ್ತ ಬಂದು ಅವಳೆದುರು ನಿಂತು, ಎರಡೂ ಕೈಯಿಂದ ತನ್ನ ಕಿವಿ ಹಿಡಿದುಕೊಂಡ.

"ತಪ್ಪಾತು, ಆಯೀ."

"ಕಾಲಿಗೆ ಅರಿಷಿಣ ಹಚ್ಚಿಕೋ ಮೊದಲ," ಎಂದಳು ಅವಳು.

ಎರಡು ದಿನ ಆ ಮುದುಕನ ಮನೆಯಲ್ಲೇ ಗಂಜಿ, ಮೀನುಸಾರು. ಮೀನು ಒಲ್ಲದ ಮಾಸ್ತರರಿಗೆ ಗಂಜಿ, ಉಪ್ಪಿನಕಾಯಿ. ಮಲಿಕಸಾಬ ಬಸ್ಸು ಹತ್ತಿ ಪೇಟೆಗೆ ಹೋಗಿ ಚೈನು, ತಂತಿ, ಬ್ರೇಕಿನ ಪಟ್ಟಿ ತಂದು ಜೋಡಿಸಿದ. ವಾಪಸಾಗುವಾಗ ಡಾಂಬರು ರಸ್ತೆ ಹಿಡಿದರು. ದಾರಿಯಲ್ಲಿ ಎಷ್ಟೇ ಇಳಿಜಾರು ಬರಲಿ, ಅವನು ಕೀಲಿಯ ಕಡೆಗೆ ಕೈ ಒಯ್ಯಲಿಲ್ಲ. ಸೈಡ್‌ಕಾರಿನ ಪಕ್ಕಕ್ಕೆ ಆ ಕಟ್ಟಿಗೆಯನ್ನು ಉದ್ದಕ್ಕೆ ಬಿಗಿದಿದ್ದ. ಕೆಳಬದಿ ಕಲ್ಲಿಗೆ ತಿಕ್ಕಿ ನುಣ್ಣಗಾಗಿತ್ತು.

ಮೋರಟಗಿಯ ಅಗಸಿ ಕಂಡಾಗ ಮಲಿಕಸಾಬ ಗಾಡಿ ನಿಲ್ಲಿಸಿದ. ಕಟ್ಟಿಗೆ ಇಳಿಸಿ, ಹಿಂದೆ ನಾಲ್ಕೆಳೆ ಹಗ್ಗದಿಂದ ಕಟ್ಟಿದ.

"ಕುಂಡ್ರ್ರಿ, ಮಾಸ್ತರ್ರ."

"ಇಲ್ಲೂನೂ?"

"ಭಾರ ಇಲ್ದಿದ್ರ ಕುಣೀತೈತ್ರಿ."

ಸಮತಟ್ಟಾದ ಊರಬೀದಿಯಲ್ಲಿ, ಧೂಳೆಬ್ಬಿಸುತ್ತ, ಹಿಂದೆ ಕಟ್ಟಿಗೆ, ಕಟ್ಟಿಗೆಯ ಮೇಲೆ ಮಾಸ್ತರರು, ಸೈಡ್‌ಕಾರಿನಲ್ಲಿ ನೆಟ್ಟಗೆ ಕುಳಿತ ಶೇವಂತೆವ್ವ. ಅಂಗಡಿಯವರು ತಕ್ಕಡಿ ಬಿಟ್ಟು ಬಂದರು. ಶಾಲೆಯ ಮಕ್ಕಳು ಗಂಟೆ ಹೊಡೆಯುವ ಮೊದಲೇ ಹೊರಗೆ ಬಂದರು. ಅವಳ ಮನೆಯ ಕಟ್ಟೆ ಮುಟ್ಟುವಷ್ಟರಲ್ಲಿ ಅರ್ಧ ಊರು ಹಿಂದೆ ಬಂದಿತ್ತು.

"ಏನಿದು ಶೇವಂತೆವ್ವ?" ಎಂದು ಕುರಿ ಕಾಯುವ ಪರಸಪ್ಪ ಕೇಳಿದ.

ಅವಳು ಇಳಿದು ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಳು.

"ಐವತ್ತು ವರ್ಷ ನಾ ಹೇಳಿದೆ. ನನ್ನ ಬಾಯಿ ದಣದೈತಿ. ಮಲಿಕಾ, ಇನ್ನ ನೀ ಹೇಳು."

ಮಲಿಕಸಾಬ ಕಟ್ಟಿಗೆಯ ಮೇಲೆ ಕುಳಿತು, ಗಂಟಲು ಸರಿ ಮಾಡಿಕೊಂಡು ಶುರು ಮಾಡಿದ. ತೆಗ್ಗು, ಚಾರಿ, ಹೊಗೆ, ಹಾರಿದ ಚೈನು. ಯಾರೂ ನಗಲಿಲ್ಲ. ಉಮೇದು ಏರುತ್ತ ಹೋಗಿ ಅವನು ಎರಡೂ ಕೈ ಅಗಲಿಸಿದ.

"ಕಟ್ಟಿಗಿ ಅಂದ್ರ ಇದು ಸವದು ಉಳದದ್ರಿ. ಮೊದಲ ಇದರ ಮೂರು ಪಟ್ಟು ಇತ್ತು, ಆನಿಗೂ ಎಳ್ಯಾಕ ಆಗ್ತಿರಲಿಲ್ಲ..."

"ಲೇ ಮಲಿಕಾ," ಎಂದಳು ಶೇವಂತೆವ್ವ, "ಇದ್ದದ್ದು ಇಷ್ಟ. ಸುಳ್ಳ ಹೇಳಬ್ಯಾಡ."