ಪತ್ರಾದ ಮೇಲಿನ ಕಲ್ಲುಗಳು

ಲಚ್ಯಾಣದ ಹತ್ತಿರ ನಿಂಬೆ ತೋಟದಲ್ಲಿ ನಮ್ಮದು ತಗಡಿನ ಪತ್ರಾ ಹೊದಿಸಿದ ಒಂದೇ ಕೋಣೆಯ ಮನೆ. ಗಾಳಿಗೆ ಹಾರದಂತೆ ಪತ್ರಾದ ಮೇಲೆ ಕಲ್ಲು ಹೇರಿರುತ್ತೇವೆ. ಹೋದ ಬೇಸಿಗೆಯಲ್ಲಿ ಅಪ್ಪ ರಿಪೇರಿಗೆಂದು ಅವನ್ನು ಇಳಿಸಿದವನು, ಮತ್ತೆ ಏರಿಸದೆ ಇಂಡಿಗೆ ಹೋದ. ಅಂದೇ ಮಧ್ಯಾಹ್ನ ಬಿರುಗಾಳಿ ಎದ್ದಿತು. ಮನೆಯಲ್ಲಿದ್ದವರು ನಾನು, ಬಾಣಂತಿ ಅಕ್ಕ, ಅವಳ ಹನ್ನೆರಡು ದಿನದ ಕೂಸು.

ಪತ್ರಾ ಎದ್ದೆದ್ದು ಬಡಿಯಿತು. ಮೂಲೆಯಲ್ಲಿ ಆಕಾಶ ಕಂಡಿತು. ಅಷ್ಟರಲ್ಲಿ ಮೇಲೆ ಯಾರೋ ನಡೆದರು. ಅಂಥ ಗಾಳಿಯಲ್ಲೂ ಅಂಗಳದಲ್ಲಿ ಅಡ್ಡಾಡಿದಷ್ಟು ನಿಧಾನವಾಗಿ.

"ಅಪ್ಪ ಬಂದಾನೇನ? ಕೆಳಗ ಇಳಿ ಅಂತ ಹೇಳ, ಬಿದ್ದಗಿದ್ದಾನು!" ಎಂದಳು ಅಕ್ಕ.

"ಯಪ್ಪಾ" ಎಂದೆ.

"ಜೋರಾಗಿ ಒದರ. ನಿನ್ನ ದನಿ ಕೂಸಿಗೂ ಕೇಳಂಗಿಲ್ಲ!"

ಕೂಗಿದೆ. ನಾಲ್ಕು ಮೂಲೆಗಳಲ್ಲಿ ಒಂದೊಂದು ಸಲ ಧಪ್ಪೆಂದಿತು. ಪತ್ರಾ ಸುಮ್ಮನಾಯಿತು. ಹಿಂದೆಯೇ ಮಳೆ ಸುರಿಯಿತು.

ಮಳೆ ನಿಂತ ಮೇಲೆ ಅಪ್ಪ ಟೆಂಪೋ ಇಳಿದು ಓಡಿ ಬಂದ. ಕೂಸನ್ನು ಮುಟ್ಟಿ ನೋಡಿ ಕಣ್ಣೊರೆಸಿಕೊಂಡ. ಆಮೇಲೆ ಅಂಗಳಕ್ಕೆ ಬಂದು ತಲೆಯೆತ್ತಿ, "ಇವನ್ನ ಯಾರ ಇಟ್ಟಾರವ್ವ?" ಎಂದ. ಮೇಲೆ ನಾಲ್ಕು ಕರಿ ಕಲ್ಲುಗಳಿದ್ದವು. ನಮ್ಮ ಕಲ್ಲುಗಳು ಅಂಗಳದಲ್ಲೇ ಇದ್ದವು.

"ಯಾರರೆ ಇರ್ಲಿ, ಅವ್ರ ಹೊಟ್ಟಿ ತಣ್ಣಗಿರ್ಲಿ" ಎಂದಳು ಅಕ್ಕ.

ಅವನ್ನು ನಾವು ಇಳಿಸಿಲ್ಲ. ಮಳೆ ಬಂದಾಗ ಪತ್ರಾ ಪೂರ್ತಿ ತೊಯ್ಯುತ್ತದೆ. ಆ ನಾಲ್ಕು ಕಲ್ಲು ಮಾತ್ರ ಇದುವರೆಗೂ ತೊಯ್ದಿಲ್ಲ.